ತೆರ್ಯೋನ ಹಳದಿ ಕಣ್ಣು

ಗಂಡ ತೆರ್ಯೋನ ಕಣ್ಣು ಹಳದಿಯಾದದ್ದು ಕಂಡಾಗ, ಅವನು ಕದ್ದು ಕುಡಿಯುತ್ತಿದ್ದಾನೆ ಎಂಬುದರಲ್ಲಿ ರೋಸೆಂಡಾಳಿಗೆ ಅನುಮಾನವೇ ಉಳಿಯಲಿಲ್ಲ. ಈಸ್ಟರ್ ಹಬ್ಬದಿಂದ ಕುಡಿತ ಬಿಟ್ಟೆನೆಂದು ತೆರ್ಯೋ ಪಲಾವನ್ ದ್ವೀಪದ ತಮ್ಮ ಕಡಲೂರಿಗೆಲ್ಲ ಸಾರಿಕೊಂಡು ಬಂದಿದ್ದ. ಜೇನು ಕೀಳಲು ಕಾಡಿಗೆ ಹೋದವನು ಮಲೇರಿಯಾ ತಂದುಕೊಂಡ. ಮಾತ್ರೆ ನುಂಗಿ ಜ್ವರವೇನೋ ಬಿಟ್ಟಿತು, ಆದರೆ ಮಾತ್ರೆ ಇನ್ನೂ ಮುಗಿಯುವ ಮೊದಲೇ ಆಳು ಸೊರಗಿದ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು.

“ದೇವರಾಣೆ, ಒಂದು ತೊಟ್ಟೂ ಮುಟ್ಟಿಲ್ಲ ಕಣೇ.”

“ನಿನ್ನ ಲಿವರ್ ಬೇರೆ ಕಥೆ ಹೇಳ್ತಿದೆ. ನಡಿ ಆಸ್ಪತ್ರೆಗೆ.”

ಹೊರಡುವ ಮುಂಚೆ, ಅಡುಗೆಮನೆಯ ತೆಂಗಿನ ವಿನೆಗರ್ ಜಾಡಿಯಲ್ಲಿ ಹೆಂಡ ಬಚ್ಚಿಟ್ಟಿರಬೇಕೆಂದು ಅದನ್ನು ಚರಂಡಿಗೆ ಸುರಿದಳು. ಅದು ವಿನೆಗರೇ ಆಗಿತ್ತು.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡುವ ಹುಡುಗಿ ಅಂಪಾರೊ ಶೀಶೆಯನ್ನು ಚೆನ್ನಾಗಿ ಕುಲುಕಿ ಬೆಳಕಿಗೆ ಹಿಡಿದಳು.

“ರೋಸೆಂಡಾ ಅಕ್ಕಾ, ನೊರೆ ನೋಡಿ, ಬೆಳ್ಳಗಿದೆ. ಲಿವರ್ ಕೆಟ್ಟು ಪಿತ್ತದ ಬಣ್ಣ ಇಳಿದಿದ್ರೆ ನೊರೆಯೂ ಹಳದಿ ಆಗ್ತಿತ್ತು.”

ಮತ್ತೆ ಖಚಿತಪಡಿಸಿಕೊಳ್ಳಲು ಬಣ್ಣದ ಚೌಕಗಳಿದ್ದ ಪಟ್ಟಿಯೊಂದನ್ನು ಅದ್ದಿದಳು. ಪಿತ್ತದ ಚೌಕ ಬದಲಾಗಲಿಲ್ಲ. ರಕ್ತ ಒಡೆದಾಗ ಹೆಚ್ಚುವ ವಸ್ತುವಿನ ಚೌಕ ಮಾತ್ರ ಕಡು ಗುಲಾಬಿಯಾಯಿತು.

ಡಾಕ್ಟರು ರಕ್ತವನ್ನೂ ನೋಡಿ ಹೇಳಿದರು: “ಲಿವರ್ ಚೆನ್ನಾಗಿದೆ. ಒಡೀತಿರೋದು ರಕ್ತದ ಕಣ. ಮಲೇರಿಯಾ ಮಾತ್ರೆ ಕೆಲವರ ರಕ್ತಕ್ಕೆ ಒಗ್ಗಲ್ಲ. ಇವತ್ತೇ ನಿಲ್ಸಿ, ಇಲ್ಲೇ ಇದ್ದು ಸುಧಾರಿಸ್ಕೊಳ್ಳಿ.”

ಅಷ್ಟು ಹೊತ್ತೂ ಮುದುಡಿ ಕೂತಿದ್ದ ತೆರ್ಯೋ ನೆಟ್ಟಗಾದ. “ಕೇಳಿಸ್ತಾ? ಲಿವರ್ ಚೆನ್ನಾಗಿದೆಯಂತೆ. ಇನ್ನೊಂದ್ಸಲ ಹೇಳಿ ಡಾಕ್ಟರೇ, ಇವಳಿಗೆ ಕಿವಿ ಮಂದ.”

ರೋಸೆಂಡಾಳಿಗೆ ನಾಚಿಕೆ, ಅದಕ್ಕಿಂತ ದೊಡ್ಡ ನೆಮ್ಮದಿ. ಗಂಡ ಸುಳ್ಳು ಹೇಳಿರಲಿಲ್ಲ.

“ಕುಡಿದಿಲ್ಲ ಅಂತ ಮೊದಲೇ ಹೇಳ್ಬಾರದಿತ್ತಾ?”

“ಹೇಳ್ದೆನಲ್ಲ.”

“ಗಟ್ಟಿಯಾಗಿ ಹೇಳ್ಬೇಕಿತ್ತು.”

ಕೆಲವೇ ದಿನಗಳಲ್ಲಿ ಮೂತ್ರ ತಿಳಿಯಾಯಿತು, ಕಣ್ಣು ಬೆಳ್ಳಗಾದವು. ಮನೆಗೆ ಕಳಿಸುವಾಗ ಡಾಕ್ಟರು, ಇದು ಹುಟ್ಟಿನಿಂದ ಬಂದದ್ದು, ತಾಯಿಯಿಂದ ಮಗನಿಗೆ ಇಳಿಯುತ್ತದೆ, ಇನ್ನು ಯಾವ ಔಷಧಿಯನ್ನೂ ಕೇಳದೆ ನುಂಗಬೇಡಿ ಎಂದರು.

ರೋಸೆಂಡಾಳ ಮುಖ ಅರಳಿತು. “ನಿಮ್ಮಮ್ಮನಿಂದಾನಾ?”

“ಸತ್ತೋರನ್ನಾದ್ರೂ ಬಿಡೇ.”

“ನಾನೇನಂದೆ? ಡಾಕ್ಟರ್ ಅಂದಿದ್ದು.”

ದಾರಿಯಲ್ಲಿ ಅವನಿಗಿಷ್ಟವಾದ ದೊಡ್ಡ ಮೀನು ಕೊಂಡಳು. ಹುಣಸೆಹುಳಿ ಹಾಕಿ ಸಾರು ಮಾಡಿ, ಯಾವತ್ತೂ ತಾನೇ ತಿನ್ನುತ್ತಿದ್ದ ತಲೆಯ ತುಂಡನ್ನು ಅಂದು ಅವನ ತಟ್ಟೆಗೆ ಬಡಿಸಿದಳು. ತೆರ್ಯೋ ಕಣ್ಣುಮುಚ್ಚಿ ಚೀಪಿದ.