ತಿದ್ದಿದ ಮೇಲೆ ಉಳಿದದ್ದು

ಭಾವ ಪುಟ್ಟಿಯ ಅಂಗಡಿಗೆ ಬಂದಾಗ ಅವರ ಮುಖ ಅರಳಿತ್ತು. ಲಕ್ವ ಹೊಡೆದು ಅಕ್ಕನ ಮಾತು ನಿಂತ ಮೇಲೆ ಅವರು ನಕ್ಕದ್ದನ್ನು ಪುಟ್ಟಿ ಕಂಡಿರಲಿಲ್ಲ. ಅವಳ ತಲೆ ನರೆತು, ಕಂಪ್ಯೂಟರ್ ರಿಪೇರಿಯಲ್ಲಿ ಅವಳು ಹೆಸರು ಮಾಡಿದ್ದರೂ ಭಾವನಿಗೆ ಈ ನಾದಿನಿ ಪುಟ್ಟಿಯೇ.

"ನಿನಗ್ಯಾಕೆ ತೊಂದರೆ ಅಂತ ನಿಮ್ಮಕ್ಕನ ಡಿಸ್ಕ್ ನಾನೇ ಚೆಕ್ ಮಾಡ್ದೆ. ರಿಪೇರಿ ಮಾಡ್ಲಾ ಅಂತ ಕಂಪ್ಯೂಟರ್ ಕೇಳ್ತು, ಹೂಂ ಅಂತ ಒತ್ತಿದೆ. ಎಲ್ಲಾ ಸರಿಹೋಯ್ತಂತೆ, ನೋಡು!" ಡಿಸ್ಕನ್ನೂ ರಿಪೋರ್ಟಿನ ಹಾಳೆಯನ್ನೂ ಮುಂದಿಟ್ಟರು. "ಆದ್ರೆ ಅವಳ ಫೋಲ್ಡರ್ ಕಾಣ್ತಿಲ್ಲ. ಎಲ್ಲಿ ಸೇರ್ಕೊಂಡಿದ್ಯೋ, ಹುಡುಕಿಕೊಡು."

ಆ ಫೋಲ್ಡರಿನಲ್ಲಿದ್ದದ್ದು ಅಕ್ಕನ ದನಿ. ಕಣ್ಣು ಕಾಣದ ಮಕ್ಕಳಿಗೆಂದು ಅವಳು ವರ್ಷಗಟ್ಟಲೆ ಕಥೆ ಓದಿ ರೆಕಾರ್ಡ್ ಮಾಡಿದ್ದಳು; ಬೀದಿಯ ಸದ್ದು ಬೀಳದಿರಲೆಂದು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿಕೊಂಡು.

ಪುಟ್ಟಿ ಹಾಳೆ ಓದಿದಳು. 'ದೋಷಗಳನ್ನು ತಿದ್ದಲಾಗಿದೆ' ಎಂಬ ಕೊನೆಯ ಸಾಲನ್ನಷ್ಟೇ ಭಾವ ಓದಿಕೊಂಡಿದ್ದರು. ಅದರ ಮೇಲೆ ಉದ್ದಕ್ಕೂ ಓದಲಾಗದ ಜಾಗಗಳು, ಮೊಟಕಾದ ಫೈಲುಗಳು, ಅಳಿಸಿಹೋದ ಹೆಸರುಗಳು.

"ಭಾವ, ಈ ರಿಪೇರಿ ಡಿಸ್ಕನ್ನ ಮಾತ್ರ ಸರಿಮಾಡುತ್ತೆ. ಒಳಗಿರೋ ಫೈಲು ಅದರ ಲೆಕ್ಕಕ್ಕೆ ಹೊಂದಲಿಲ್ಲ ಅಂದ್ರೆ ಕತ್ತರಿಸಿ ಬಿಸಾಕುತ್ತೆ."

"ಬಿಸಾಕುತ್ತಾ?"

"ಚೂರುಪಾರು ಉಳಿದಿರಬಹುದು. ಇರಿ."

ಚೂರುಗಳೇನೋ ಸಿಕ್ಕವು, ಹೆಸರಿಲ್ಲದವು. ಒಂದರಲ್ಲಿ ಬರೀ ಗೊರಗೊರ, ಇನ್ನೊಂದು ತೆರೆಯಲೇ ಇಲ್ಲ. ಸಂಜೆಯವರೆಗೂ ತಡಕಾಡಿದ ಮೇಲೆ ಒಂದೇ ಒಂದರಲ್ಲಿ ಹಾಳೆ ಮಗುಚಿದ ಸದ್ದು, ಸಣ್ಣ ಕೆಮ್ಮು, "ಆ ಹುಡುಗಿ ಬಾಗಿಲು ತೆಗೆದು..." ಎಂಬ ಅಕ್ಕನ ದನಿ. ಅಲ್ಲಿಗೆ ನಿಂತಿತು.

"ನಾನು ಒತ್ತಿದ್ದಕ್ಕೇ ಹೋಯ್ತಾ ಪುಟ್ಟೀ?"

"ಡಿಸ್ಕ್ ಮೊದಲೇ ಕೆಟ್ಟಿತ್ತು ಭಾವ."

"ನಾನು ಕೇಳಿದ್ದು ಅದಲ್ಲ."

ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. "ಮುಟ್ಟದೆ ತಂದಿದ್ರೆ ಮುಕ್ಕಾಲು ಪಾಲು ಸಿಗ್ತಿತ್ತೇನೋ."

ಭಾವ ಹಾಳೆಯನ್ನು ನಾಲ್ಕಾಗಿ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹೊರಡುವಾಗ ಚಪ್ಪಲಿ ಅದಲುಬದಲು ಮೆಟ್ಟಿಕೊಂಡರು. ಪುಟ್ಟಿ ಆ ಚೂರನ್ನು ಫೋನಿಗೆ ಹಾಕಿಕೊಂಡು ಅವರ ಜೊತೆಗೇ ನಡೆದಳು.

ಮನೆಯಲ್ಲಿ ಅಕ್ಕ ದಿಂಬಿಗೊರಗಿ ಕಾಯುತ್ತಿದ್ದಳು. ಬೆಳಿಗ್ಗೆಯೇ ಗಂಡ ಆಸೆ ಹುಟ್ಟಿಸಿ ಹೋಗಿದ್ದರಲ್ಲ. ಪುಟ್ಟಿ ಹೆಡ್‌ಫೋನ್ ತೊಡಿಸಿ ಆ ಚೂರನ್ನು ಕೇಳಿಸಿದಳು. ಅಕ್ಕನ ಕಣ್ಣರಳಿತು. ಇನ್ನೂ ಆಡುತ್ತಿದ್ದ ಒಂದೇ ಕೈಯೆತ್ತಿ, ಮುಂದೆ ಹಾಕು ಎಂದು ಸನ್ನೆ ಮಾಡಿದಳು.

ಭಾವ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಅಷ್ಟೇ ಅಕ್ಕ," ಎಂದಳು ಪುಟ್ಟಿ.

ಅಕ್ಕ ಇನ್ನೂ ಸ್ವಲ್ಪ ಹೊತ್ತು ಕೈ ಎತ್ತಿಕೊಂಡೇ ಇದ್ದಳು. ಆಮೇಲೆ ಹೆಡ್‌ಫೋನ್ ಕಿತ್ತು, ಗೋಡೆಯ ಕಡೆ ಮಗ್ಗುಲಾದಳು.