ಹುಡುಕು ಖಾನೆಯಲ್ಲಿ ಅವರೆಕಾಳು

ಫೋನಿಟ್ಟ ಮೇಲೂ ಕಾವ್ಯಳ ಮಾತು ಅನುಸೂಯಳ ಕಿವಿಯಲ್ಲಿ ಗುಯ್‌ಗುಡುತ್ತಿತ್ತು. ಕಾವ್ಯ ಅಕ್ಕನ ಮಗಳು, ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುವವಳು. ಅಡುಗೆ ಬರೆಯಲೆಂದು ಹೊಸದುರ್ಗದ ಈ ಚಿಕ್ಕಮ್ಮನಿಗೆ ‘ರೊಟ್ಟಿಕಲ್ಲು’ ಬ್ಲಾಗು ಮಾಡಿಕೊಟ್ಟವಳು ಅವಳೇ.

“ಅಪ್‌ಡೇಟ್ ಬಂದು ಮೂರು ವಾರ ಆತು ಚಿಕ್ಕಮ್ಮ, ಹಂಗೇ ಕುಂತಿದೀಯಲ್ಲ! ಹಳೇದ್ರಲ್ಲಿ ತೂತೈತೆ. ಹುಡುಕು ಖಾನೇಲಿ ಒಂದು ಪದ ಹಾಕಿದ್ರೆ ನೀನು ಪ್ರಕಟ ಮಾಡ್ದೆ ಇಟ್ಕಂಡಿರೋ ಕರಡೂ ಕಾಣುಸ್ತವೆ. ನಿಂದೇನು ಬಿಡು, ಕರಡಲ್ಲೂ ಚಟ್ನಿನೇ ಇರ್ತದೆ!”

ಅನುಸೂಯ ನಗಲು ಹೋಗಿ ಕೆಮ್ಮಿದ್ದಳು.

ಮೂರು ವಾರದಿಂದ ಬ್ಲಾಗಿನ ನೆತ್ತಿಯಲ್ಲಿ ‘ಅಪ್‌ಡೇಟ್ ಮಾಡಿ’ ಎನ್ನುವ ಹಳದಿ ಪಟ್ಟಿ ಕಾಣುತ್ತಲೇ ಇತ್ತು. ಹೋದ ವರ್ಷ ಹೀಗೇ ಒಂದನ್ನು ಹಾಕಿದಾಗ ಬರೆದ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗಿ, ಎರಡು ದಿನ ಅನ್ನ ಸೇರಿರಲಿಲ್ಲ. ಮುಟ್ಟದೆ ಬಿಟ್ಟರೆ ಕೆಡುವುದಿಲ್ಲ ಎಂದುಕೊಂಡಿದ್ದಳು.

ಪಡಸಾಲೆಯಲ್ಲಿ ಅತ್ತೆ ಮರುಳಸಿದ್ದಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅನುಸೂಯ ತನ್ನ ಖಾತೆಯಿಂದ ಹೊರಬಂದು, ಯಾರೋ ಹೊರಗಿನವಳಂತೆ ಬ್ಲಾಗು ತೆರೆದು, ಹುಡುಕು ಖಾನೆಯಲ್ಲಿ ‘ಅವರೆಕಾಳು’ ಎಂದು ಒತ್ತಿದಳು.

ಎರಡು ಬಂದವು. ಮೊದಲನೆಯದು ಉಸಲಿ. ಎರಡನೆಯದು ಅವಳು ಪ್ರಕಟಿಸದೆ ಇಟ್ಟಿದ್ದ ಕರಡು: “ಅತ್ತೆ ಅವರೆಕಾಳು ಬಿಡಿಸುತ್ತಿದ್ದಾಗ ಸುಳ್ಳು ಹೇಳಿ ಚಿತ್ರದುರ್ಗದ ಬಸ್ಸು ಹತ್ತಿದೆ...”

ಎರಡನೇ ಮಗಳು ಹುಟ್ಟಿದ ಮರುವರ್ಷ, ಅಕ್ಕನಿಗೆ ಹುಷಾರಿಲ್ಲವೆಂದು ಹೇಳಿ ಹೋಗಿ, ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡು ಬಂದದ್ದೆಲ್ಲ ಅದರಲ್ಲಿತ್ತು. ಗಂಡನ ಸಹಿಯನ್ನು ಅಕ್ಕ ಹಾಕಿದ್ದೂ ಇತ್ತು. ಇದಾಗಿ ಹನ್ನೆರಡು ವರ್ಷ. ಗಂಡ ಗುರುರಾಜ ಇವತ್ತಿಗೂ ದೇವರು ಗಂಡುಮಗು ಕೊಡಲಿಲ್ಲ ಎನ್ನುತ್ತಾನೆ. ಮೊಮ್ಮಗನಿಗಾಗಿ ಅತ್ತೆ ಸೋಮವಾರ ಹಗಲು ತುತ್ತು ಮುಟ್ಟುವುದಿಲ್ಲ.

ಮತ್ತೆ ತನ್ನ ಖಾತೆಯೊಳಗೆ ಹೋದಳು. ಆ ಕರಡನ್ನು ಅಳಿಸಿಬಿಡಬಹುದಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು, ಹಿಂದೆ ಬಂತು. ಅವಳು ಯಾರೆದುರಿಗೂ ಅತ್ತಿರಲಿಲ್ಲ. ಅತ್ತದ್ದು ಅಲ್ಲೊಂದೇ ಕಡೆ.

ಕಾವ್ಯ ಹೇಳಿದಂತೆಯೇ ಹಳೆಯ ಕಡತಗಳನ್ನು ನಕಲು ಮಾಡಿಟ್ಟು ಹೊಸವನ್ನು ಏರಿಸತೊಡಗಿದಳು. ನೀಲಿ ಗೆರೆ ಇರುವೆಯಂತೆ ಹರಿಯಿತು. ಈಗ ಕರೆಂಟು ಹೋದರೆ? ಅರ್ಧದಲ್ಲಿ ನಿಂತರೆ ಬ್ಲಾಗು ಒಳಗೆ ಹೋಗಲು ಬಾಗಿಲೇ ಇಲ್ಲದ ಮನೆಯಾಗುತ್ತದಂತೆ. ಫ್ಯಾನಿನ ಸದ್ದು ತಗ್ಗಿದಾಗಲೆಲ್ಲ ಅವಳು ತಲೆ ಎತ್ತಿ ನೋಡಿದಳು.

ಮುಗಿಯಿತು. ಖಾತೆಯಿಂದ ಹೊರಬಂದು ಮತ್ತೆ ಹುಡುಕಿದಳು. ಬಂದದ್ದು ಉಸಲಿ ಒಂದೇ.

ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಆಗ ನೆನಪಾಯಿತು, ಹೊಳಲ್ಕೆರೆಯಿಂದ ನಾದಿನಿ ಉಷಾರಾಣಿ ಹೋದ ವಾರ ಫೋನಿನಲ್ಲಿ ಹೇಳಿದ್ದು: “ಅತ್ತಿಗೆ, ನಿಮ್ ಬ್ಲಾಗಲ್ಲೇ ಹುಡುಕಿ ಅವರೆಕಾಳು ಉಸ್ಲಿ ಮಾಡೀನಿ ನೋಡ್ರಿ.” ಅದಾಗಿ ಎರಡೇ ದಿನಕ್ಕೆ, ಗುರುವಾರ, ಹೇಳದೆ ಕೇಳದೆ ಬಂದಿಳಿದಿದ್ದಳು. ತಾಯಿಯ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಕಾಫಿಯನ್ನೂ ಕುಡಿಯದೆ ಬಸ್ಸಿಗೆ ಹೋಗಿದ್ದಳು.

“ಅನುಸೂಯಾ,” ಪಡಸಾಲೆಯಿಂದ ಅತ್ತೆ ಕೂಗಿದರು. “ಒಂದು ರೊಟ್ಟಿ ತಟ್ಟು. ಹೊಟ್ಟೆ ಹಸ್ದೈತೆ.”

ಅವಳು ಕುರ್ಚಿಯಿಂದ ಎದ್ದಳು. “ಅತ್ತೆ... ಇವತ್ತು ಸೋಮವಾರ.”

“ಗೊತ್ತೈತೆ ಕಣೇ.” ಕಾಯಿ ಸುಲಿಯುವ ಸದ್ದು ನಿಂತಿತು. “ಇನ್ನು ಯಾರಿಗೋಸ್ಕರ ಹಸ್ಕಂಡಿರ್ಲಿ?”

ಅನುಸೂಯ ಹೊಸ್ತಿಲವರೆಗೆ ಬಂದು ಚೌಕಟ್ಟು ಹಿಡಿದು ನಿಂತಳು. ಮರುಳಸಿದ್ದಮ್ಮ ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಕಾಳನ್ನೇ ಬೆರಳಿಂದ ಆಚೆ ಈಚೆ ಸರಿಸುತ್ತಿದ್ದರು.

“ನಾಕು ದಿನದಿಂದ ಬಾಯಿ ಕಟ್ಕಂಡು ಕುಂತೀನಿ. ಇವತ್ತು ಅವನು ಊಟಕ್ಕೆ ಬಂದಾಗ ನೀನೇ ಹೇಳ್ತೀಯೋ, ನಾ ಹೇಳ್ಲೋ?”

ಓಣಿಯ ತಿರುವಿನಲ್ಲಿ ಗುರುರಾಜನ ಸ್ಕೂಟರಿನ ಹಾರ್ನ್ ಕೇಳಿಸಿತು.