ನನ್ನ ಹೊಟ್ಟೆ, ಅವಳ ಪರೀಕ್ಷೆ

ನನ್ನ ಹೊಟ್ಟೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅದು ಸಣ್ಣದಲ್ಲ. ಸಿಟಿ ಬಸ್ಸಿನ ಡ್ರೈವರ್ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಬೆಳೆಸಿದ್ದು. ಡಿಪೋದಲ್ಲಿ ಎಲ್ಲರೂ ಅದನ್ನು ಹಿಡಿದುಕೊಂಡೇ ನನ್ನ ಕಾಲೆಳೆಯುತ್ತಿದ್ದರು. ನಾನೂ ಬಿಡುವವನಲ್ಲ, ಒಂದಕ್ಕೆರಡು ತಿರುಗಿ ಕೊಡುತ್ತಿದ್ದೆ. ಆಮೇಲೆ ನನ್ನ ಹೆಂಡತಿ ಓದಲು ಸೇರಿದಳು, ಆ ಹೊಟ್ಟೆಗೂ ಒಂದು ಕೆಲಸ ಸಿಕ್ಕಿತು.

ಅವಳು ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಿದ್ದವಳು. ಸೂಜಿ ಚುಚ್ಚಿದ್ದು ಮಕ್ಕಳಿಗೂ ಗೊತ್ತಾಗುತ್ತಿರಲಿಲ್ಲ, ಅಂಥ ಕೈ. ಆದರೆ ಟ್ಯೂಬಿನ ಮೇಲೆ ಚೀಟಿ ಅಂಟಿಸಿ ಕಳಿಸಿದ ಮೇಲೆ ಆ ಮನುಷ್ಯನಿಗೆ ಏನಾಯಿತೆಂದು ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಅದೊಂದು ಕೊರಗು ಅವಳನ್ನು ಬಿಡದೆ ಕಾಡುತ್ತಿತ್ತು. ನಲವತ್ತರ ಹೊಸ್ತಿಲಲ್ಲಿ ಹಠ ಹಿಡಿದು ಎಂಟ್ರೆನ್ಸ್ ಬರೆದಳು, ಫಿಜಿಷಿಯನ್ ಅಸಿಸ್ಟೆಂಟ್ ಎಂಬ ಸ್ನಾತಕೋತ್ತರ ಕೋರ್ಸಿಗೆ ಸೇರಿದಳು. ರೋಗಿಯ ಮಾತು ಕೇಳಿ, ಮೈ ಮುಟ್ಟಿ ನೋಡಿ, ಏನಿರಬಹುದೆಂದು ಡಾಕ್ಟರಿಗೆ ಹೇಳಿ, ಅವರ ಕಣ್ಗಾವಲಿನಲ್ಲಿ ಔಷಧಿ ಬರೆಯುವ ಕೆಲಸ ಅದು. ನೆಂಟರು "ಹಾಗಾದ್ರೆ ಡಾಕ್ಟ್ರಾ, ನರ್ಸಾ?" ಎಂದು ನನ್ನ ತಲೆ ತಿನ್ನುತ್ತಿದ್ದರು. "ಡಾಕ್ಟ್ರು ಊಟಕ್ಕೆ ಹೋದಾಗ ನಿಮ್ಮನ್ನ ಉಳಿಸೋರು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಒಳಗೊಳಗೇ ಎಷ್ಟು ಹೆಮ್ಮೆಯಿತ್ತೆಂದು ಅವಳಿಗೆ ಮಾತ್ರ ಹೇಳಲಿಲ್ಲ, ತಲೆಯ ಮೇಲೆ ಕೂರುತ್ತಾಳೆಂದು.

ಆಸ್ಪತ್ರೆಯೊಳಗೆ ಕಾಲಿಡುವ ಮೊದಲು ಅವರಿಗೊಂದು ದೊಡ್ಡ ಪರೀಕ್ಷೆ. ಒಬ್ಬ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಬೇಕು, ನೋಡುತ್ತಾ ಏನು ಸಿಕ್ಕಿತೆಂದು ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳಿದ್ದಕ್ಕೆಲ್ಲ ಪಕ್ಕದಲ್ಲಿ ನಿಂತ ಕಾಲೇಜಿನ ಮೇಡಂ ಗುರುತು ಹಾಕುತ್ತಾರೆ. ಬಾಯಿಬಿಟ್ಟು ಹೇಳದಿದ್ದರೆ, ನೋಡಿದ್ದರೂ ಅದು ಲೆಕ್ಕಕ್ಕಿಲ್ಲ. ಗಂಟೆ ಹೊಡೆಯುವುದರೊಳಗೆ ಪೂರ್ತಿ ಮುಗಿಯಬೇಕು.

ಹಾಗಾಗಿ ಪ್ರತಿ ಸಂಜೆ ನಾನು ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಅಂಗಿ ಬಿಚ್ಚಿ ಮಲಗುವುದು, ಅವಳು ಶುರು ಹಚ್ಚಿಕೊಳ್ಳುವುದು. "ಲಿವರ್ ಕೈಗೆ ಸಿಗುತ್ತಿಲ್ಲ. ಸ್ಪ್ಲೀನ್ ಕೈಗೆ ಸಿಗುತ್ತಿಲ್ಲ. ಕಿಡ್ನಿ ಎರಡೂ ಕೈಗೆ ಸಿಗುತ್ತಿಲ್ಲ. ಗಡ್ಡೆ ಇಲ್ಲ, ನೋವಿಲ್ಲ." ಕೈಗೆ ಸಿಗದಿದ್ದರೆ ಎಲ್ಲ ಸರಿಯಿದೆ ಎಂದರ್ಥವಂತೆ. ಫೋನಿನಲ್ಲಿ ಸಮಯ ನೋಡುವುದು ನನ್ನ ಕೆಲಸ. ಮೊದಮೊದಲು ಕೈ ಒತ್ತಿದ ಮೇಲೆ ಮಾತು ಬರುತ್ತಿತ್ತು. ಆಮೇಲೆ ಎರಡೂ ಜೊತೆಜೊತೆಗೆ. ಕೊನೆಕೊನೆಗೆ ಕೈ ಎದೆಯ ಮೇಲಿರುವಾಗಲೇ ಬಾಯಿ ಹೊಟ್ಟೆ ದಾಟಿ ಮಂಡಿಗೆ ಬಂದಿರುತ್ತಿತ್ತು.

"ನೀನು ಎಕ್ಸ್‌ಪ್ರೆಸ್ ಬಸ್ ಆಗಿಬಿಟ್ಟಿದ್ದೀಯ ಕಣೇ," ಎಂದೆ ಒಂದು ದಿನ. "ಒಂದು ಸ್ಟಾಪಲ್ಲೂ ನಿಲ್ಲಲ್ಲ."

"ನಿಂತ್ರೆ ಮಾರ್ಕ್ಸ್ ಹೋಗತ್ತೆ ರೀ. ಎಲ್ಲಾ ಸ್ಟಾಪಲ್ಲೂ ನಿಲ್ಲೋಳು ಒಬ್ಬಳಿದ್ದಾಳೆ, ನಮ್ಮ ಆಮೆ. ಕಂಡೋರ ಹೊಟ್ಟೇಲೆಲ್ಲ ನಿಧಿ ಹುಡುಕ್ತಾಳೆ."

ಆಮೆ ಅವಳ ಸಹಪಾಠಿ. ಎರಡು ಮಕ್ಕಳ ತಾಯಿ, ಮಾತೂ ನಿಧಾನ, ನಡಿಗೆಯೂ ನಿಧಾನ. ಹೆಸರಿಟ್ಟವಳು ನನ್ನ ಹೆಂಡತಿಯೇ. ನಾನು ನಕ್ಕೆ. ಹೊಟ್ಟೆ ಕುಣಿಯಿತು. "ಅಲ್ಲಾಡಬೇಡಿ" ಎಂದು ಬೈದು ಮತ್ತೆ ಮೊದಲಿನಿಂದ ಶುರುಮಾಡಿದಳು. ಆ ದಿನಗಳಲ್ಲಿ ನನಗೆ ಬೆನ್ನುನೋವು ಇತ್ತು. ಬಸ್ಸಿನ ಸೀಟಿಗೆ ಬೈದುಕೊಂಡು ಸುಮ್ಮನಿದ್ದೆ. ಯಾವ ಡ್ರೈವರಿಗೆ ಬೆನ್ನುನೋವಿಲ್ಲ?

ಪರೀಕ್ಷೆಯ ದಿನ ಪ್ರತಿಯೊಬ್ಬರೂ ಮನೆಯಿಂದ ಒಂದು ಮೈ ತರಬೇಕಿತ್ತು. ತಂದದ್ದನ್ನು ತಾವೇ ನೋಡುವಂತಿಲ್ಲ, ಅದಲುಬದಲು. ಉದ್ದನೆಯ ಕೋಣೆ, ಸಾಲು ಮಂಚ, ನಡುನಡುವೆ ಪರದೆ. ನಾನು ಆಮೆಯ ಪಾಲಿಗೆ ಬಿದ್ದೆ. ಪರದೆಯ ಆಚೆ ಆಮೆಯ ಗಂಡ ಮಲಗಿದ್ದ, ಅವನನ್ನು ನೋಡುತ್ತಿದ್ದವಳು ನನ್ನ ಹೆಂಡತಿ. ಅವಳ ದನಿ ಗಂಟಲು, ಎದೆ, ಶ್ವಾಸಕೋಶ ಎಂದು ಸರಾಗವಾಗಿ ಹೋಗುತ್ತಿತ್ತು. ಆಮೆ ಇನ್ನೂ ನನ್ನ ಕಣ್ಣಿನಲ್ಲೇ ಇದ್ದಳು.

ಹೊಟ್ಟೆಗೆ ಬಂದಳು. ತಣ್ಣನೆಯ ಕೈ. ಒಂದು ಕೈ ಬೆನ್ನಿನ ಕೆಳಗೆ ಹಾಕಿ, ಇನ್ನೊಂದನ್ನು ಎಡಪಕ್ಕೆಯ ಕೆಳಗೆ ಒತ್ತಿದಳು. ನಿಂತಳು. "ಉಸಿರು ಎಳ್ಕೊಳ್ಳಿ" ಎಂದಳು. ಎಳೆದೆ. "ಬಿಡಿ." ಬಿಟ್ಟೆ. "ಇನ್ನೊಂದು ಸಲ." ಮೇಡಂ ಕೈಯ ಪೆನ್ನು ಕಾಯುತ್ತಾ ನಿಂತಿತ್ತು. ನನಗೋ ಚಡಪಡಿಕೆ, ಪಾಪ, ಇವಳ ಪರೀಕ್ಷೆ ನನ್ನ ಹೊಟ್ಟೆಯಲ್ಲೇ ಮುಳುಗಿಹೋಗುತ್ತದಲ್ಲ ಎಂದು.

"ಬೇಗ ಇಲ್ಲ ಅಂದ್ಬಿಡಮ್ಮ," ಎಂದು ಪಿಸುಗುಟ್ಟಿದೆ. "ಮಾರ್ಕ್ಸ್ ಹೋಗತ್ತೆ."

ಅವಳು ನನ್ನ ಮುಖ ನೋಡಿದಳು. "ಇದೆಯಲ್ಲ ಅಣ್ಣಾ," ಎಂದಳು.

ಆಚೆಯಿಂದ ನನ್ನ ಹೆಂಡತಿಯ ದನಿ ಕೇಳುತ್ತಿತ್ತು. ಗಡ್ಡೆ ಇಲ್ಲ, ನೋವಿಲ್ಲ. ಗಂಟೆ ಹೊಡೆಯಿತು. ಮೇಡಂ ಪೆನ್ನು ಜೇಬಿಗೆ ಸಿಕ್ಕಿಸಿ ತಾವೇ ಕೈಯಿಟ್ಟು ನೋಡಿದರು. ಅವರು ನನ್ನ ಅಂಗಿಯ ಗುಂಡಿಗಳನ್ನು ತಾವೇ ಹಾಕತೊಡಗಿದಾಗ ವಿಷಯ ಸಣ್ಣದಲ್ಲ ಎಂದು ಗೊತ್ತಾಯಿತು.

ಸ್ಕ್ಯಾನ್ ಆಯಿತು. ಎಡ ಕಿಡ್ನಿಯಲ್ಲಿ ಗಡ್ಡೆ, ಮುಷ್ಟಿಗಿಂತ ದೊಡ್ಡದು. ಅದು ಶ್ವಾಸಕೋಶಕ್ಕೂ ಹಬ್ಬಿ ಅಲ್ಲಲ್ಲಿ ಚುಕ್ಕೆ. ಸರ್ಜನ್ ಕಂಪ್ಯೂಟರಿನ ಪರದೆಯ ಮೇಲೆ ಎಲ್ಲ ತೋರಿಸಿ, ಕಿಡ್ನಿ ತೆಗೆಯೋಣ, ಆಮೇಲಿನದು ಆಮೇಲೆ ಎಂದರು. ಇನ್ನೆಷ್ಟು ದಿನ ಬದುಕು ಎಂದು ನಾನು ಕೇಳಲಿಲ್ಲ. ಅವರೂ ಹೇಳುವ ಗೋಜಿಗೆ ಹೋಗಲಿಲ್ಲ. ನಂತರ ನನ್ನನ್ನೂ ಪಕ್ಕದಲ್ಲಿದ್ದ ಹೆಂಡತಿಯನ್ನೂ ನೋಡಿ ಕೇಳಿದರು:

"ಆ ಪರೀಕ್ಷೆ ದಿನಕ್ಕೂ ಮೊದಲು ಯಾರಾದ್ರೂ ಹೊಟ್ಟೆ ಮುಟ್ಟಿ ನೋಡಿದ್ರಾ?"

"ಇಲ್ಲ ಡಾಕ್ಟ್ರೇ," ಎಂದೆ ತಕ್ಷಣ. "ನಾನು ಆಸ್ಪತ್ರೆ ಮೆಟ್ಟಿಲು ಹತ್ತೋ ಪೈಕಿ ಅಲ್ಲ."

"ನಾನು ನೋಡಿದ್ದೆ," ಎಂದಳು ಹೆಂಡತಿ.

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಫಿಜಿಷಿಯನ್ ಅಸಿಸ್ಟೆಂಟ್ ಸ್ಟೂಡೆಂಟ್ ನಾನು. ಮನೇಲಿ ಇವರ ಮೇಲೇ ಪ್ರಾಕ್ಟೀಸ್ ಮಾಡ್ತಿದ್ದೆ. ಹೆಚ್ಚುಕಮ್ಮಿ ದಿನಾ."

"ಆಗ ಸಿಗ್ಲಿಲ್ವಾ?"

"ಇಲ್ಲ ಅಂತ ಹೇಳಿದ್ದೆ."

"ಹೇಳಿದ್ದನ್ನಲ್ಲ ನಾನು ಕೇಳಿದ್ದು. ಕೈಗೆ ಸಿಗ್ಲಿಲ್ವಾ?"

ಅವಳು ತನ್ನ ಅಂಗೈ ನೋಡಿಕೊಂಡಳು. "ಗೊತ್ತಿಲ್ಲ ಸರ್. ಕೈ ಇಟ್ಟಿದ್ದು ಗೊತ್ತು. ನೋಡಿದ್ನೋ ಇಲ್ವೋ ಗೊತ್ತಿಲ್ಲ."

ಸರ್ಜನ್ ಒಳ್ಳೆಯವರು. ದಪ್ಪ ಹೊಟ್ಟೆ, ಅನುಭವವಿದ್ದವರಿಗೂ ತಪ್ಪಿಹೋಗುತ್ತದೆ ಎಂದರು. ಅದು ಅವಳ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ರಿಸಲ್ಟ್ ಬಂತು. ನನ್ನ ಹೆಂಡತಿ ಬ್ಯಾಚಿಗೇ ಮೊದಲು. ಆಮೆ ಫೇಲು, ಹೊಟ್ಟೆಯ ಕೆಳಗಿನದ್ದನ್ನು ಮುಟ್ಟಿಯೇ ಇರಲಿಲ್ಲವಲ್ಲ. ಮೇಡಂ ಮೇಲಿನವರ ಹತ್ತಿರ ಜಗಳವಾಡಿ ಅವಳಿಗೆ ಇನ್ನೊಂದು ಅವಕಾಶ ಕೊಡಿಸಿದರು, ಪಾಸಾದಳು. ಮೊದಲು ಬಂದವಳು ಮಾತ್ರ ತನ್ನ ಬಿಳಿ ಕೋಟನ್ನು ಬೀರುವಿನ ಮೇಲ್ಗಡೆ ತುರುಕಿ, ಹಳೆಯ ಲ್ಯಾಬಿಗೆ ಫೋನು ಮಾಡಿ ಕೆಲಸ ಖಾಲಿ ಇದೆಯಾ ಎಂದು ಕೇಳಿದಳು.

ನಾನು ಸುಮ್ಮನಿರುವ ಆಸಾಮಿಯೇ? ಕೂಗಾಡಿದೆ. "ಕಲಿಯೋರು ತಪ್ಪು ಮಾಡ್ತಾರೆ ಕಣೇ. ಕಲಿಯೋವಾಗ ನಾನು ಎಷ್ಟು ಗೋಡೆಗೆ ಬಸ್ಸು ತಿಕ್ಕಿಲ್ಲ?"

"ಬಸ್ಸಿಗೆ ಪೇಂಟ್ ಹೊಡೆದ್ರೆ ಆಗತ್ತೆ ರೀ."

"ನನ್ನ ಹೊಟ್ಟೆ, ನನ್ನ ಗಡ್ಡೆ. ನಾನೇ ತೆಪ್ಪಗಿದ್ದೀನಿ, ನಿಂದೇನು?"

"ನಾಳೆ ಇನ್ಯಾರದೋ ಗಂಡ ನನ್ನ ಮುಂದೆ ಬಂದು ಮಲಗ್ತಾನೆ. ಕೈ ಇಡೋಕೆ ಮೊದಲೇ ನನ್ನ ಬಾಯಿ ಇಲ್ಲ ಅಂದ್ಬಿಡತ್ತೆ."

"ಅನ್ನಲ್ಲ. ಇನ್ನು ಜನ್ಮದಲ್ಲಿ ನೀನು ಹಾಗನ್ನಲ್ಲ. ಅದಕ್ಕೇ ನೀನು ಹೋಗ್ಬೇಕು."

ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಈಗಲೂ ಹಾಗೆಯೇ ಅನ್ನಿಸುತ್ತದೆ. ನಾನು ಎಷ್ಟು ದಿನದ ಗಿರಾಕಿಯೋ ಗೊತ್ತಿರಲಿಲ್ಲ. ನಾನು ಹೋದ ಮೇಲೆ ಅವಳ ಕೈ ಹಿಡಿಯುವುದು ಆ ಕೋರ್ಸು ಒಂದೇ. ಅಷ್ಟು ಆಸೆಪಟ್ಟು ಸೇರಿದ್ದು ನನ್ನ ಕಿಡ್ನಿಯ ದೆಸೆಯಿಂದ ಮಣ್ಣುಪಾಲಾಗುವುದನ್ನು ನೋಡುತ್ತಾ ಕೂರಲು ನನ್ನಿಂದ ಆಗಲಿಲ್ಲ. ಅವಳಿಗೆ ಹೇಳದೆ ಮೇಡಂ ಹತ್ತಿರ ಹೋದೆ. ಹೊಸ ಟರ್ಮಿನ ಮೊದಲ ದಿನ ಬಂದು ಕೂತರೆ ಸಾಕು, ಒಂದು ಮಾತೂ ಕೇಳುವುದಿಲ್ಲ ಎಂದರು. ಆ ದಿನ ಬಾರದಿದ್ದರೆ ಸೀಟು ಇನ್ನೊಬ್ಬರಿಗೆ. ಮನೆಗೆ ಬಂದು ಹೇಳಿದೆ. "ನೋಡ್ತೀನಿ" ಎಂದಳು. ಅಷ್ಟೇ ಮಾತಿಗೆ ನನಗೆ ಆಸೆ ಹುಟ್ಟಿತು.

ಆ ದಿನ ಬೆಳಿಗ್ಗೆ ಅವಳು ಚೀಲ ಹಿಡಿದು ಹೊರಟಳು. ಎಲ್ಲಿಗೆ ಎಂದು ಕೇಳಲು ಧೈರ್ಯ ಸಾಲಲಿಲ್ಲ, ಕಿಟಕಿಯ ಹತ್ತಿರ ಹೋಗಿ ನಿಂತೆ. ನಮ್ಮ ಮನೆಯ ಮುಂದೆ ರಸ್ತೆಯ ಈ ಬದಿಯಲ್ಲೊಂದು ಸ್ಟಾಪು, ಆ ಬದಿಯಲ್ಲೊಂದು. ಈ ಬದಿಯ ಬಸ್ಸು ಕಾಲೇಜಿನ ಕಡೆಗೆ, ಆ ಬದಿಯದು ಲ್ಯಾಬಿನ ಕಡೆಗೆ. ಅವಳು ರಸ್ತೆ ದಾಟಿ ಆ ಬದಿಗೆ ಹೋಗಿ ನಿಂತಳು.

ಕಾಲೇಜಿನ ಕಡೆಯ ಬಸ್ಸು ನನ್ನದೇ ರೂಟು. ಆಪರೇಷನ್ನಿಗಾಗಿ ನಾನು ರಜೆಯಲ್ಲಿದ್ದೆನೆಂದು ಡಿಪೋದ ಗೆಳೆಯ ಓಡಿಸುತ್ತಿದ್ದ. "ನನ್ನವಳು ಹತ್ತೋವರೆಗೂ ಬಸ್ ಬಿಡಬೇಡ ಕಣೋ" ಎಂದು ಹಿಂದಿನ ದಿನವೇ ಅವನಿಗೆ ಹೇಳಿಟ್ಟಿದ್ದೆ. ಅವನು ಬಂದ, ನಿಲ್ಲಿಸಿದ, ಬಾಗಿಲು ತೆರೆದ. ಅವಳು ಎದುರು ಬದಿಯಲ್ಲಿರುವುದನ್ನು ನೋಡಿ ಹಾರ್ನ್ ಹೊಡೆದ. ಅವಳು ತಲೆಯೆತ್ತಿ ನೋಡಿದಳು. ಹಿಂದೆ ವಾಹನಗಳು ಸಾಲುಗಟ್ಟಿದವು, ಒಳಗಿದ್ದವರು ಬೈಯತೊಡಗಿದರು. ಆದರೂ ಆ ಪುಣ್ಯಾತ್ಮ ಬಾಗಿಲು ತೆರೆದೇ ಇಟ್ಟುಕೊಂಡು ಕೂತಿದ್ದ. ಹೋಗು, ಹತ್ತು, ಹತ್ತೇ ಎಂದು ನಾನು ಕಿಟಕಿಯ ಸರಳು ಹಿಡಿದು ಗೊಣಗುತ್ತಿದ್ದೆ.

ಅವಳು ಕೈಯೆತ್ತಿ, ನೀವು ಹೊರಡಿ ಎಂದು ಬೀಸಿದಳು. ಅವನು ಒಮ್ಮೆ ನಮ್ಮ ಕಿಟಕಿಯ ಕಡೆ ನೋಡಿದ. ಬಾಗಿಲು ಮುಚ್ಚಿತು, ಬಸ್ಸು ಹೋಯಿತು. ಗಡ್ಡೆ ಇದೆಯೆಂದು ತಿಳಿದ ದಿನ ನನಗೆ ಅಳು ಬಂದಿರಲಿಲ್ಲ, ಅವತ್ತು ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತೆ.